ಡೇಟಾಬೇಸ್ ಅಪ್‌ಗ್ರೇಡ್ ಆದ ಮೇಲೆ ಸಾಫ್ಟ್‌ವೇರ್ ಓಪನ್ ಆಗ್ತಿಲ್ಲವಾ? ಯಾರಿಗೆ ಯಾವ ದಾರಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಇದೊಂದು ಪದೇ ಪದೇ ಬರುತ್ತದೆ. "ಸರ್, ಮೈಎಸ್‌ಕ್ಯೂಎಲ್ ಅಪ್‌ಗ್ರೇಡ್ ಮಾಡಿದ್ವಿ. ಡೇಟಾಬೇಸ್ ಚೆನ್ನಾಗೇ ಓಡ್ತಿದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಮಾತ್ರ ಓಪನ್ನೇ ಆಗ್ತಿಲ್ಲ. ಒಬ್ರು ಲಿಂಕ್ ಹಾಕಿ ಅಂತಾರೆ, ಇನ್ನೊಬ್ರು ಹಳೇ ಪ್ಯಾಕೇಜ್ ಹಾಕಿ ಅಂತಾರೆ, ಮತ್ತೊಬ್ರು ಡಾಕರ್‌ಗೆ ಹೋಗಿಬಿಡಿ ಅಂತಾರೆ. ಯಾವುದು ಮಾಡ್ಲಿ?"

ಮೂವರು ಹೇಳಿದ್ದರಲ್ಲೂ ಹುರುಳಿದೆ, ಗೊಂದಲ ಶುರುವಾಗುವುದೂ ಅಲ್ಲೇ. (ಡಾಕರ್ ಅಂದರೆ ಪ್ರೋಗ್ರಾಮನ್ನು ಅದಕ್ಕೆ ಬೇಕಾದ್ದೆಲ್ಲದರ ಜೊತೆ ಕಂಟೇನರ್ ಎಂಬ ಬೇರೆಯೇ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ.) ಇವತ್ತು ಸಂಜೆ ಬಿಲ್ ಹೊಡೆಯಲು ಸಾಕಾಗುವ ದಾರಿ ಬೇರೆ. ಮುಂದಿನ ಅಡಿಕೆ ಸೀಸನ್ ಮುಗಿಯುವ ತನಕ ತಲೆನೋವು ಬಾರದ ದಾರಿ ಬೇರೆ. ಮಂಡಿ ಇಟ್ಟವರಿಗೆ ಒಪ್ಪುವುದು ಕಾಲೇಜು ಲೈಬ್ರರಿಗೆ ಒಪ್ಪಬೇಕೆಂದಿಲ್ಲ. ಹಾಗಾಗಿ ಇರುವ ದಾರಿಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡೋಣ. ಇಲ್ಲಿ ಹೇಳುವುದೆಲ್ಲ ಲಿನಕ್ಸ್ ಸರ್ವರ್‌ಗಳಿಗೆ (ಡೆಬಿಯನ್, ಉಬುಂಟು, ರೆಡ್‌ಹ್ಯಾಟ್, ಸೆಂಟ್‌ಒಎಸ್ ಎಲ್ಲ ಅದರ ಬಗೆಗಳೇ). ಕಮಾಂಡುಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು, ಅದು ನಿಮಗೆ ಗೊತ್ತಿದ್ದದ್ದೇ.

ಕೆಡುವುದು ಎಲ್ಲಿ

ಸ್ಕ್ರೀನಿನ ಮೇಲೆ ಸಾಮಾನ್ಯವಾಗಿ ಬರುವ ಸಾಲು ಇದು: "ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್.ಎಸ್‌ಒ.18: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್". ಇದು ಒಂದು ಲೈಬ್ರರಿಯ ಹೆಸರು. ಇಲ್ಲಿ ಲೈಬ್ರರಿ ಅಂದರೆ ಪುಸ್ತಕದ್ದಲ್ಲ, ಪ್ರೋಗ್ರಾಂ ಡೇಟಾಬೇಸ್ ಜೊತೆ ಮಾತಾಡಲು ಬಳಸುವ ಕೋಡಿನ ಫೈಲ್. ಕೊನೆಯಲ್ಲಿರುವ 18 ಎಂಬ ನಂಬರನ್ನು ಗಮನಿಸಿ. ಮೈಎಸ್‌ಕ್ಯೂಎಲ್ 5.1ರ ಜೊತೆ ಬರುತ್ತಿದ್ದ ಲೈಬ್ರರಿ 16. 5.5 ಮತ್ತು 5.6ರದ್ದು 18. 5.7ರದ್ದು 20, 8.0ದ್ದು 21, 8.4ರದ್ದು 24. ಹಳೇ ಪ್ರೋಗ್ರಾಮಿಗೆ ಹೊಂದದ ಹಾಗೆ ಲೈಬ್ರರಿಯ ಒಳಗಿನ ಕಟ್ಟು ಬದಲಾದಾಗ ಈ ನಂಬರನ್ನು ಏರಿಸುತ್ತಾರೆ. ನಿಮ್ಮ ಬಿಲ್ಲಿಂಗ್ ಪ್ರೋಗ್ರಾಂ ಕಟ್ಟಿದ ದಿನ ಯಾವ ನಂಬರ್ ಇತ್ತೋ ಅದನ್ನೇ ಅದು ಇವತ್ತಿಗೂ ಹುಡುಕುತ್ತದೆ. ಅಪ್‌ಗ್ರೇಡ್ ಮಾಡುವಾಗ ಹಳೇ ಫೈಲನ್ನು ತೆಗೆದು ಹೊಸದನ್ನು ಹಾಕಿದ್ದಾರೆ. ಹುಡುಕಿದ್ದು ಸಿಗಲಿಲ್ಲ, ಪ್ರೋಗ್ರಾಂ ಏಳಲಿಲ್ಲ. ಇಷ್ಟೇ ಕಥೆ.

ಇಲ್ಲಿ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು. ಡೇಟಾಬೇಸ್ ಸರ್ವರ್ ಬೇರೆ, ಅದರ ಜೊತೆ ಮಾತಾಡುವ ಕ್ಲೈಂಟ್ ಲೈಬ್ರರಿ ಬೇರೆ. ಸರ್ವರ್ 8.0 ಆದ ಮಾತ್ರಕ್ಕೆ ಲೈಬ್ರರಿಯೂ 21 ಆಗಲೇಬೇಕೆಂಬ ಕಾನೂನಿಲ್ಲ. 18ನೇ ನಂಬರಿನ ಲೈಬ್ರರಿ 8.0 ಸರ್ವರ್ ಜೊತೆ ಮಾತಾಡಬಲ್ಲದು, ಲಾಗಿನ್ ವಿಧಾನ ಒಂದು ಹೊಂದಿಕೊಂಡರೆ ಸಾಕು.

ಮಲೆನಾಡಿನವರಿಗೆ ಒಂದು ಕಿವಿಮಾತು. ಅಪ್‌ಗ್ರೇಡ್ ಮಾಡಿದ ದಿನವೇ ತೊಂದರೆ ಕಾಣಬೇಕೆಂದಿಲ್ಲ. ಆಗಲೇ ಓಡುತ್ತಿರುವ ಪ್ರೋಗ್ರಾಂ ಹಳೇ ಲೈಬ್ರರಿಯನ್ನು ಮೆಮೊರಿಯಲ್ಲಿ ಹಿಡಿದುಕೊಂಡಿರುತ್ತದೆ. ಡಿಸ್ಕಿನಿಂದ ಫೈಲ್ ಹೋಗಿದ್ದರೂ ಅದು ಆರಾಮಾಗಿ ಓಡುತ್ತಲೇ ಇರುತ್ತದೆ. ಆರಿದ್ರಾ ಮಳೆಗೆ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಯುಪಿಎಸ್ ಕೈಕೊಡುತ್ತದೆ, ಸರ್ವರ್ ರೀಸ್ಟಾರ್ಟ್ ಆಗುತ್ತದೆ. ಪ್ರೋಗ್ರಾಂ ಏಳದೇ ಇರುವುದು ಆಗ. ಎಲ್ಲರೂ ಕರೆಂಟಿಗೆ ಬೈಯುತ್ತಾರೆ, ಹಾರ್ಡ್‌ಡಿಸ್ಕ್ ಹೋಯ್ತು ಅಂತ ಅಂದುಕೊಳ್ಳುತ್ತಾರೆ. ವಾರದ ಹಿಂದೆ ಮಾಡಿದ ಅಪ್‌ಗ್ರೇಡ್ ಯಾರಿಗೂ ನೆನಪಾಗುವುದಿಲ್ಲ. ಡೆಬಿಯನ್, ಉಬುಂಟುವಿನಲ್ಲಿ ನೀಡ್‌ರೀಸ್ಟಾರ್ಟ್ ಅನ್ನುವ ಟೂಲ್ ಹಾಕಿಕೊಂಡರೆ ಯಾವ ಪ್ರೋಗ್ರಾಂ ಇನ್ನೂ ಹಳೇ ಫೈಲ್ ಹಿಡಿದು ಕೂತಿದೆ ಅಂತ ತೋರಿಸುತ್ತದೆ. ರೆಡ್‌ಹ್ಯಾಟ್ ಕುಟುಂಬದಲ್ಲಿ ಅದಕ್ಕೆ ನೀಡ್ಸ್-ರೀಸ್ಟಾರ್ಟಿಂಗ್ ಇದೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ಸಾಫ್ಟ್‌ವೇರಿನ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆದ ಮೂಲ ಬರಹ, ನಿಮ್ಮ ಕೈಯಲ್ಲಿದೆಯಾ? ಇಲ್ಲದಿದ್ದರೆ ಅರ್ಧ ದಾರಿಗಳು ಅಲ್ಲೇ ಮುಚ್ಚಿಹೋಗುತ್ತವೆ. ಬರೆದುಕೊಟ್ಟ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ, ಫೋನ್ ಎತ್ತುವುದಿಲ್ಲ ಅನ್ನುವುದೂ ಸೋರ್ಸ್ ಇಲ್ಲದ ಲೆಕ್ಕವೇ.

ಎರಡನೆಯದು, ಎಷ್ಟು ಹೊತ್ತು ನಿಲ್ಲಿಸಬಹುದು? ಕಾಲೇಜಿನ ಲೈಬ್ರರಿ ಒಂದು ದಿನ ರಿಜಿಸ್ಟರಿನಲ್ಲಿ ಬರೆದುಕೊಂಡರೆ ಏನೂ ಆಗುವುದಿಲ್ಲ. ಸುಗ್ಗಿಯಲ್ಲಿ ಎಪಿಎಂಸಿ ಯಾರ್ಡಿನ ಮಂಡಿ ಅರ್ಧ ದಿನ ನಿಂತರೆ ಹೊರಗೆ ಲಾರಿ ಸಾಲು ನಿಲ್ಲುತ್ತದೆ.

ಮೂರನೆಯದನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ: ಲೆಕ್ಕ ತಪ್ಪುವ ಅಪಾಯ. ಪ್ರೋಗ್ರಾಂ ಓಪನ್ ಆಗದಿದ್ದರೆ ಕಣ್ಣಿಗೆ ಕಾಣುತ್ತದೆ. ಓಪನ್ ಆಗಿ ತಪ್ಪು ಅಂಕಿ ಬರೆದರೆ ಯಾರಿಗೂ ಕಾಣುವುದಿಲ್ಲ. ರಾಶಿ ಅಡಿಕೆ ಕ್ವಿಂಟಾಲಿಗೆ ಹತ್ತಾರು ಸಾವಿರ ಇರುವಾಗ ತೂಕದ ದಶಮಾಂಶ ಒಂದು ಮನೆ ಆಚೀಚೆ ಆದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು, ಮುಂದಿನ ಅಪ್‌ಡೇಟ್ ಬಂದಾಗ ಯಾರು ನೋಡುತ್ತಾರೆ? ಈಗ ನೀವು ಮಾಡುವ ರಿಪೇರಿ ನಿಮಗೆ ಮಾತ್ರ ಗೊತ್ತಿರುವಂಥದ್ದಾದರೆ ನೀವು ಊರಿನಲ್ಲಿಲ್ಲದ ದಿನ ಅದು ಕೆಡುತ್ತದೆ.

ಇನ್ನು ನೆಟ್, ದುಡ್ಡು, ಸೆಕ್ಯೂರಿಟಿ. ಹೊಸನಗರದ ಒಳಗೆಲ್ಲೋ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಡಾಕರ್ ಇಮೇಜ್ ಇಳಿಸಲು ಕೂತರೆ ಬೆಳಗಾಗುತ್ತದೆ. ಕೆಳಗಿನ ಎಲ್ಲ ದಾರಿಗೂ ಸಾಫ್ಟ್‌ವೇರ್ ಖರ್ಚು ಸೊನ್ನೆ. ದುಡ್ಡು ಹೋಗುವುದು ಮಾಡುವವರ ಸಮಯಕ್ಕೆ.

ಆರಿಸುವ ಮೊದಲು ಐದು ನಿಮಿಷ ಪತ್ತೆ ಕೆಲಸ

ಎಲ್‌ಡಿಡಿ ಅಂತ ಹೊಡೆದು ಮುಂದೆ ಪ್ರೋಗ್ರಾಮಿನ ಹೆಸರು ಕೊಡಿ. ಬೇಕಾದ ಲೈಬ್ರರಿಗಳ ಪಟ್ಟಿ ಬರುತ್ತದೆ. "ನಾಟ್ ಫೌಂಡ್" ಅಂತ ಇರುವ ಸಾಲು ಯಾವುದು ನೋಡಿ. ಎಲ್ಲಿಂದಲೋ ಬಂದ, ನಂಬಿಕೆ ಇಲ್ಲದ ಪ್ರೋಗ್ರಾಂ ಆಗಿದ್ದರೆ ಎಲ್‌ಡಿಡಿ ಬೇಡ, ಅದು ಕೆಲವು ಸಲ ಪ್ರೋಗ್ರಾಮನ್ನೇ ಓಡಿಸಿಬಿಡುತ್ತದೆ. ರೀಡ್‌ಎಲ್ಫ್ -ಡಿ ಸಾಕು. ಆಮೇಲೆ ಎಲ್‌ಡಿಕಾನ್ಫಿಗ್ -ಪಿ ಹೊಡೆದು ಮೆಷಿನ್ನಿನಲ್ಲಿ ಈಗ ಯಾವ ನಂಬರಿನ ಲೈಬ್ರರಿ ಇದೆ ನೋಡಿ.

ಕೆಲವೊಮ್ಮೆ ಲೈಬ್ರರಿ ಅಲ್ಲೇ ಇರುತ್ತದೆ, ಫೋಲ್ಡರ್ ಮಾತ್ರ ಬದಲಾಗಿರುತ್ತದೆ. ಆಗ ಆ ಫೋಲ್ಡರಿನ ಹೆಸರನ್ನು ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಒಳಗೆ ಒಂದು ಫೈಲಿನಲ್ಲಿ ಬರೆದು ಎಲ್‌ಡಿಕಾನ್ಫಿಗ್ ಓಡಿಸಿದರೆ ಮುಗಿಯಿತು. ಮುಂದೆ ಓದುವ ಅಗತ್ಯವೇ ಇಲ್ಲ.

ಇನ್ನೊಂದು ಮೋಸದ ಎರರ್ ಇದೆ. "ಕ್ಯಾಶಿಂಗ್_ಎಸ್‌ಎಚ್‌ಎ2_ಪಾಸ್‌ವರ್ಡ್ ಕೆನಾಟ್ ಬಿ ಲೋಡೆಡ್" ಅಂತ ಬಂದು, ಅದರ ಮುಂದೆಯೂ ಒಂದು ಡಾಟ್ ಎಸ್‌ಒ ಫೈಲಿನ ಹೆಸರು ಇರುತ್ತದೆ. ಲೈಬ್ರರಿ ಕಾಣೆಯಾಗಿದೆ ಅಂದುಕೊಂಡು ಆ ಫೈಲನ್ನು ಊರೆಲ್ಲ ಹುಡುಕಬೇಡಿ. ಮೈಎಸ್‌ಕ್ಯೂಎಲ್ 8.0 ಹೊಸ ಯೂಸರ್‌ಗಳಿಗೆ ಬೇರೆ ಲಾಗಿನ್ ವಿಧಾನ ಕೊಡುತ್ತದೆ, ಹಳೇ ಲೈಬ್ರರಿಗೆ ಅದು ಬರುವುದಿಲ್ಲ. ಇದ್ದಲ್ಲೇ ಅಪ್‌ಗ್ರೇಡ್ ಮಾಡಿದ್ದರೆ ಹಳೇ ಯೂಸರ್‌ಗಳು ಹಳೇ ವಿಧಾನದಲ್ಲೇ ಉಳಿಯುತ್ತಾರೆ. ಯೂಸರನ್ನು ಹೊಸದಾಗಿ ಮಾಡಿದವರಿಗೆ ಮಾತ್ರ ಇದು ತಗಲುತ್ತದೆ. ಆಲ್ಟರ್ ಯೂಸರ್ ಕಮಾಂಡಿನಲ್ಲಿ ಆ ಒಬ್ಬ ಯೂಸರನ್ನು ಮೈಎಸ್‌ಕ್ಯೂಎಲ್_ನೇಟಿವ್_ಪಾಸ್‌ವರ್ಡ್‌ಗೆ ಬದಲಿಸಿದರೆ 8.0ದಲ್ಲಿ ಸರಿಹೋಗುತ್ತದೆ. 8.4ರಲ್ಲಿ ಈ ಹಳೇ ವಿಧಾನ ಆಫ್ ಆಗಿ ಬರುತ್ತದೆ, ಸೆಟ್ಟಿಂಗಿನಲ್ಲಿ ಆನ್ ಮಾಡಿಕೊಳ್ಳಬೇಕು. 9.0ರಲ್ಲಿ ತೆಗೆದೇ ಹಾಕಿದ್ದಾರೆ. ಹಳೇ ಲೈಬ್ರರಿ ಇಟ್ಟುಕೊಂಡೇ ಬದುಕುತ್ತೇವೆ ಅನ್ನುವವರಿಗೆ 9.0 ಗೋಡೆ ಇದ್ದ ಹಾಗೆಯೇ.

ಹೊಂದಾಣಿಕೆಯ ಪ್ಯಾಕೇಜ್

ಬಹಳ ಜನಕ್ಕೆ ನಾನು ಮೊದಲು ಹೇಳುವುದು ಇದನ್ನೇ. ರೆಡ್‌ಹ್ಯಾಟ್ ಕುಟುಂಬಕ್ಕೆ ಮೈಎಸ್‌ಕ್ಯೂಎಲ್‌ನವರೇ ಲಿಬ್ಸ್-ಕಂಪ್ಯಾಟ್ ಅನ್ನುವ ಪ್ಯಾಕೇಜ್ ಕೊಡುತ್ತಾರೆ. ಹಳೇ ನಂಬರಿನ ಲೈಬ್ರರಿಯನ್ನು ಅದು ಹೊಸದರ ಪಕ್ಕದಲ್ಲೇ ಇಡುತ್ತದೆ. ಸೆಂಟ್‌ಒಎಸ್ 7ರ ಕಾಲದಲ್ಲಿ ಇದರೊಳಗೆ 18 ಸಿಗುತ್ತಿತ್ತು. ಅಲ್ಲಿನ ಮೇಲ್ ಸರ್ವರ್ ಪೋಸ್ಟ್‌ಫಿಕ್ಸ್ ಥರದ ಪ್ರೋಗ್ರಾಂಗಳು ಇದನ್ನು ನೆಚ್ಚಿಕೊಂಡೇ ಓಡುತ್ತಿದ್ದವು. ಡೆಬಿಯನ್, ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರಿನಲ್ಲೇ ನಂಬರ್ ಇರುತ್ತದೆ. ಹಾಗಾಗಿ 20 ಮತ್ತು 21 ಎರಡೂ ಒಂದೇ ಮೆಷಿನ್ನಿನಲ್ಲಿ ಜಗಳವಿಲ್ಲದೆ ಇರಬಲ್ಲವು.

ಸೋರ್ಸ್ ಬೇಡ, ಅದನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವ ಕಂಪೈಲರ್ ಬೇಡ. ಇಳಿಸಬೇಕಾದ ಫೈಲ್ ಚಿಕ್ಕದು, ಸುಮಾರಾದ ನೆಟ್ ಸಾಕು. ಪ್ರೋಗ್ರಾಮಿಗೆ ತಾನು ಹುಟ್ಟಿದಾಗ ಕಂಡ ಲೈಬ್ರರಿಯೇ ಸಿಗುವುದರಿಂದ ಲೆಕ್ಕ ತಪ್ಪುವ ಭಯವೂ ಇಲ್ಲ. ಪ್ಯಾಕೇಜ್ ಮ್ಯಾನೇಜರಿನ ಲೆಕ್ಕದಲ್ಲಿ ಇರುವುದರಿಂದ ನಾಳೆ ಬೇರೆಯವರು ಬಂದು ನೋಡಿದರೂ ಏನು ಹಾಕಿದ್ದಾರೆ ಅಂತ ಗೊತ್ತಾಗುತ್ತದೆ.

ತೊಡಕು ಎರಡು. ನಿಮ್ಮ ಓಎಸ್ ತೀರಾ ಹೊಸದಾಗಿದ್ದರೆ ನಿಮಗೆ ಬೇಕಾದ ನಂಬರ್ ಅದರ ರೆಪೊಸಿಟರಿಯಲ್ಲಿ (ಪ್ಯಾಕೇಜ್ ಇಳಿಸಿಕೊಳ್ಳುವ ಉಗ್ರಾಣ) ಇರುವುದಿಲ್ಲ. ಉಬುಂಟು 18.04ರಲ್ಲಿ 20 ಇತ್ತು, 20.04ಕ್ಕೆ ಬಂದಾಗ 21 ಮಾತ್ರ. ಎರಡನೆಯದು ಆಟೊರಿಮೂವ್. ಉಬುಂಟುವಿನಲ್ಲಿ ಯಾರಾದರೂ ಜಾಗ ಉಳಿಸೋಣ ಅಂತ ಸುಮ್ನೆ ಆ ಕಮಾಂಡ್ ಹೊಡೆದರೆ, ಯಾರಿಗೂ ಬೇಡದ ಪ್ಯಾಕೇಜ್ ಅಂತ ಹಳೇ ಲೈಬ್ರರಿಯೂ ಹೋಗುತ್ತದೆ. ನಿಮ್ಮ ಬಿಲ್ಲಿಂಗ್ ಪ್ರೋಗ್ರಾಂ ಪ್ಯಾಕೇಜ್ ಆಗಿ ಬಂದಿಲ್ಲವಲ್ಲ, ಅದಕ್ಕೆ ಇದು ಬೇಕು ಅಂತ ಸಿಸ್ಟಮ್ಮಿಗೆ ಹೇಗೆ ಗೊತ್ತಾಗಬೇಕು? ಎಪಿಟಿ-ಮಾರ್ಕ್ ಮ್ಯಾನ್ಯುಯಲ್ ಅಂತ ಒಮ್ಮೆ ಗುರುತು ಹಾಕಿಬಿಟ್ಟರೆ ಉಳಿಯುತ್ತದೆ.

ಲಿಂಕ್ ಹಾಕುವುದು

ನೆಟ್ಟಿನಲ್ಲಿ ಹುಡುಕಿದರೆ ಮೊದಲು ಸಿಗುವ ಸಲಹೆ ಇದು. 21ನೇ ನಂಬರಿನ ಫೈಲಿಗೆ 18 ಅಂತ ಹೆಸರಿಟ್ಟು ಒಂದು ಸಿಂಬಾಲಿಕ್ ಲಿಂಕ್ ಮಾಡಿ, ಮುಗೀತು ಅನ್ನುತ್ತಾರೆ. ಒಂದು ಸಾಲಿನ ಕೆಲಸ, ನೆಟ್ಟೂ ಬೇಡ. ಗೊರಬಲು (ಕಡಿಮೆ ಬೆಲೆಯ ಅಡಿಕೆ) ತುಂಬಿದ ಚೀಲಕ್ಕೆ ರಾಶಿ ಅಂತ ಚೀಟಿ ಅಂಟಿಸಿದ ಹಾಗೆ ಇದು. ಚೀಲ ಬಿಚ್ಚುವ ತನಕ ಎಲ್ಲರೂ ಖುಷಿಯಾಗಿರುತ್ತಾರೆ.

ಬಿಚ್ಚಿದಾಗ ಆಗುವುದು ಮೂರರಲ್ಲಿ ಒಂದು. ಅದೃಷ್ಟ ಚೆನ್ನಾಗಿದ್ದರೆ "ವರ್ಷನ್ ಲಿಬ್‌ಮೈಎಸ್‌ಕ್ಯೂಎಲ್‌ಕ್ಲೈಂಟ್_18 ನಾಟ್ ಫೌಂಡ್" ಅಂತ ಬಂದು ನಿಲ್ಲುತ್ತದೆ. ಲೈಬ್ರರಿಯ ಒಳಗಿನ ಫಂಕ್ಷನ್‌ಗಳಿಗೂ ವರ್ಷನ್ ಚೀಟಿ ಇರುತ್ತದೆ, ಅದು ಮೋಸ ಹಿಡಿದಿರುತ್ತದೆ. ಇದನ್ನು ಅದೃಷ್ಟ ಅಂದೆ, ಯಾಕೆಂದರೆ ಇಲ್ಲಿ ಯಾವ ಡೇಟಾವೂ ಕೆಡುವುದಿಲ್ಲ. ಎರಡನೆಯದು ಸೆಗ್‌ಮೆಂಟೇಶನ್ ಫಾಲ್ಟ್. ಪ್ರೋಗ್ರಾಂ ಓಪನ್ ಆಗುತ್ತದೆ, ರಿಪೋರ್ಟ್ ತೆಗೆಯುವಾಗಲೋ ತಿಂಗಳ ಕೊನೆಗೋ ಪಟ್ಟಂತ ಬೀಳುತ್ತದೆ. ಮೂರನೆಯದು ನನಗೆ ಹೆದರಿಕೆ ಹುಟ್ಟಿಸುವುದು: ಬೀಳದೆ ಓಡುವುದು. ಲೈಬ್ರರಿ ಮತ್ತು ಪ್ರೋಗ್ರಾಂ ಎರಡೂ ಮೆಮೊರಿಯಲ್ಲಿ ಒಂದು ಜಾಗಕ್ಕೆ ಒಂದೇ ಅರ್ಥ ಇದೆ ಅಂತ ಒಪ್ಪಿಕೊಂಡಿರುತ್ತವೆ. ನಂಬರ್ ಏರಿಸುವುದೇ ಆ ಒಪ್ಪಂದ ಬದಲಾದಾಗ. ಹಳೇ ಪ್ರೋಗ್ರಾಂ ತೂಕ ಇದೆ ಅಂದುಕೊಂಡ ಜಾಗದಲ್ಲಿ ಬೇರೇನೋ ಇದ್ದರೆ ಅದನ್ನೇ ಓದುತ್ತದೆ.

ಹೋಗಲಿ, ಎಲ್ಲ ಸರಿಯಾಗೇ ಓಡಿತು ಅಂತಲೇ ಇಟ್ಟುಕೊಳ್ಳೋಣ. ಆ 21ನೇ ಫೈಲಿನ ಪೂರ್ತಿ ಹೆಸರಿನಲ್ಲಿ ಇನ್ನೂ ಎರಡು ಅಂಕಿ ಇರುತ್ತವೆ, ಚಿಕ್ಕ ಅಪ್‌ಡೇಟಿಗೂ ಅವು ಬದಲಾಗುತ್ತವೆ. ಪೂರ್ತಿ ಹೆಸರಿಗೆ ಲಿಂಕ್ ಹಾಕಿದ್ದರೆ ಮುಂದಿನ ತಿಂಗಳು ಲಿಂಕ್ ಮತ್ತೆ ಗಾಳಿಯಲ್ಲಿ ತೂಗಾಡುತ್ತದೆ.

ಹಾಗಾದರೆ ಲಿಂಕ್ ಯಾವತ್ತೂ ಬೇಡವಾ? ಮುಖ್ಯ ನಂಬರ್ ಒಂದೇ ಇದ್ದು, ಪ್ರೋಗ್ರಾಂ ಬೇರೆ ಹಾದಿಯಲ್ಲಿ ಹುಡುಕುತ್ತಿದ್ದರೆ ಧಾರಾಳವಾಗಿ ಹಾಕಿ. ಡೇಟಾ ಬರೆಯದೆ ಬರೀ ಓದುವ ಪ್ರೋಗ್ರಾಂ ಆಗಿದ್ದು, ನಾಳೆ ತನಕ ಕೆಲಸ ನಡೆಯಬೇಕಿದ್ದರೆ ಕಣ್ಣು ಮುಚ್ಚಿ ಒಪ್ಪಬಹುದು. ದುಡ್ಡಿನ ಲೆಕ್ಕ ಬರೆಯುವ ಪ್ರೋಗ್ರಾಮಿಗೆ ಮಾತ್ರ ಖಂಡಿತ ಬೇಡ.

ಹಳೇ ಲೈಬ್ರರಿಗೆ ಬೇರೆ ಮನೆ

ಸೋರ್ಸ್ ಇಲ್ಲ, ಹೊಂದಾಣಿಕೆ ಪ್ಯಾಕೇಜೂ ಸಿಗಲಿಲ್ಲ. ನಮ್ಮ ಮಂಡಿಗಳ, ಸಣ್ಣ ನರ್ಸಿಂಗ್ ಹೋಮ್‌ಗಳ ಹಳೇ ಸಾಫ್ಟ್‌ವೇರ್ ಹೆಚ್ಚಾಗಿ ಬಂದು ನಿಲ್ಲುವುದು ಇಲ್ಲೇ. ಹಳೇ ಸರ್ವರಿನಿಂದಲೋ, ಬ್ಯಾಕಪ್ಪಿನಿಂದಲೋ, ಹಳೇ ಪ್ಯಾಕೇಜನ್ನು ಬಿಚ್ಚಿಯೋ 18ನೇ ಲೈಬ್ರರಿಯನ್ನು ತೆಗೆದುಕೊಳ್ಳಿ. ಪ್ರೋಗ್ರಾಮಿನ ಪಕ್ಕ ಒಂದು ಫೋಲ್ಡರ್ ಮಾಡಿ ಅಲ್ಲಿಡಿ. ಲೈಬ್ರರಿಯನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಎಲ್‌ಡಿ_ಲೈಬ್ರರಿ_ಪಾತ್ ಸೆಟ್ಟಿಂಗನ್ನು ಆ ಒಂದು ಪ್ರೋಗ್ರಾಮಿಗೆ ಮಾತ್ರ ಕೊಡಿ. ಸಿಸ್ಟಮ್‌ಡಿ ಸರ್ವಿಸ್ ಆಗಿದ್ದರೆ ಅದರ ಎನ್ವಿರಾನ್‌ಮೆಂಟ್ ಸಾಲಿನಲ್ಲಿ ಬರೆಯಬಹುದು. ಪ್ಯಾಚ್‌ಎಲ್ಫ್ ಅನ್ನುವ ಟೂಲಿನಿಂದ ಹುಡುಕುವ ಹಾದಿಯನ್ನು ಪ್ರೋಗ್ರಾಮಿನೊಳಗೇ ಬರೆದಿಡಲೂ ಬರುತ್ತದೆ. ಮೂಲ ಫೈಲಿನ ಒಂದು ಪ್ರತಿ ಇಟ್ಟುಕೊಂಡು ಮಾಡಿ.

ಈ ಹಾದಿಯನ್ನು ಇಡೀ ಸಿಸ್ಟಮ್ಮಿಗೆ ಕೊಡುವುದು ಬೇಡ. ಕೊಟ್ಟರೆ ಸಂಬಂಧವೇ ಇಲ್ಲದ ಪ್ರೋಗ್ರಾಂಗಳೂ ಹಳೇ ಫೈಲುಗಳನ್ನು ಎತ್ತಿಕೊಳ್ಳಬಹುದು.

ಲೆಕ್ಕದ ವಿಷಯದಲ್ಲಿ ಇದು ಹೊಂದಾಣಿಕೆ ಪ್ಯಾಕೇಜಿನಷ್ಟೇ ಭದ್ರ, ಲೈಬ್ರರಿ ಅದೇ ತಾನೇ. ಕಷ್ಟ ಎಲ್ಲಿ ಅಂದರೆ ಹಳೇ ಲೈಬ್ರರಿ ಒಂಟಿಯಾಗಿ ಬರುವುದಿಲ್ಲ. ಅದಕ್ಕೆ ಹಳೇ ಓಪನ್‌ಎಸ್‌ಎಸ್‌ಎಲ್ (ಕನೆಕ್ಷನ್ನನ್ನು ಗುಟ್ಟಾಗಿಡುವ ಲೈಬ್ರರಿ) ಬೇಕು ಅನ್ನಬಹುದು, ಅದನ್ನೂ ತಂದು ಅದೇ ಫೋಲ್ಡರಿನಲ್ಲಿಡಬೇಕು. ಎಲ್‌ಡಿಡಿ ಹೊಡೆಯುತ್ತಾ ಹೋದರೆ ಏನೇನು ಬೇಕು ಅಂತ ಅದೇ ಹೇಳುತ್ತದೆ. ಇವಕ್ಕೆ ಸೆಕ್ಯೂರಿಟಿ ಅಪ್‌ಡೇಟ್ ಇನ್ನು ಬರುವುದಿಲ್ಲ. ಡೇಟಾಬೇಸ್ ಮತ್ತು ಪ್ರೋಗ್ರಾಂ ಒಂದೇ ಮೆಷಿನ್ನಿನಲ್ಲಿದ್ದು ಸಾಕೆಟ್ ಮೂಲಕ ಮಾತಾಡುತ್ತಿದ್ದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಸಾಗರದ ಬ್ರಾಂಚಿನಿಂದ ಶಿವಮೊಗ್ಗದ ಸರ್ವರಿಗೆ ಇಂಟರ್ನೆಟ್ ಮೇಲೆ ಕನೆಕ್ಟ್ ಆಗುತ್ತಿದ್ದರೆ ಮಾತು ಬೇರೆ. ಕನೆಕ್ಷನ್ನನ್ನು ಗುಟ್ಟಾಗಿಡುವ ವಿಧಾನವಾದ ಟಿಎಲ್‌ಎಸ್‌ನ ಹಳೇ 1.0 ಮತ್ತು 1.1 ಅನ್ನು ಮೈಎಸ್‌ಕ್ಯೂಎಲ್ 8.0.28ರಿಂದ ತೆಗೆದಿದ್ದಾರೆ. ಹಳೇ ಲೈಬ್ರರಿಗೆ ಅದಕ್ಕಿಂತ ಮೇಲಿನದು ಬರದಿದ್ದರೆ ಕನೆಕ್ಷನ್ ಆಗುವುದಿಲ್ಲ. ಟಿಎಲ್‌ಎಸ್ ಆಫ್ ಮಾಡಿಬಿಡೋಣ ಅಂತ ಆಸೆ ಆಗುತ್ತದೆ. ಬೇಡ, ವಿಪಿಎನ್ ಹಾಕಿಕೊಳ್ಳಿ.

ಮಾಡಿದ್ದನ್ನೆಲ್ಲ ಅದೇ ಫೋಲ್ಡರಿನಲ್ಲಿ ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಪ್ಯಾಕೇಜ್ ಮ್ಯಾನೇಜರಿಗೆ ಇದರ ಸುಳಿವೇ ಇರುವುದಿಲ್ಲ.

ಕೋಡ್ ಕೈಯಲ್ಲಿದ್ದವರಿಗೆ

ಪೈಥಾನ್, ಪರ್ಲ್, ರೂಬಿ, ಪಿಎಚ್‌ಪಿಯಲ್ಲಿ ಬರೆದ ಸಾಫ್ಟ್‌ವೇರ್ ಆಗಿದ್ದರೆ ಕೆಟ್ಟಿರುವುದು ನಡುವಿನ ಕನೆಕ್ಟರ್ ಮಾತ್ರ, ನಿಮ್ಮ ಕೋಡ್ ಅಲ್ಲ. ಹೊಸ ಲೈಬ್ರರಿಯ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿ ಕನೆಕ್ಟರನ್ನು ಮತ್ತೊಮ್ಮೆ ಕಂಪೈಲ್ ಮಾಡಿಸಿದರೆ ಅದು ಹೊಸ ನಂಬರಿಗೆ ಅಂಟಿಕೊಳ್ಳುತ್ತದೆ. ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಬಳಸುವವರು ಹಳೇ ಕ್ಯಾಶ್ ಎತ್ತಿಕೊಳ್ಳದಂತೆ ನೋ-ಬೈನರಿ, ನೋ-ಕ್ಯಾಶ್ ಆಯ್ಕೆ ಕೊಡಬೇಕು. ಇಲ್ಲದಿದ್ದರೆ ಮೊದಲು ಕಟ್ಟಿದ್ದನ್ನೇ ಮತ್ತೆ ಹಾಕಿ ನಿಮ್ಮನ್ನು ಪೇಚಿಗೆ ಸಿಲುಕಿಸುತ್ತದೆ.

ತೀರಾ ಹಳೇ ಕನೆಕ್ಟರ್ ಕಂಪೈಲೇ ಆಗುವುದಿಲ್ಲ. 8.0ದಲ್ಲಿ ಮೈ_ಬೂಲ್ ಅನ್ನುವ ಟೈಪ್ ತೆಗೆದುಹಾಕಿದ್ದಾರೆ, ಹಳೇ ಸೋರ್ಸ್ ಅಲ್ಲೇ ಎಡವುತ್ತದೆ. ಪೈಥಾನ್ 2ರ ಮೈಎಸ್‌ಕ್ಯೂಎಲ್-ಪೈಥಾನ್ ಬಳಸುವವರು ಅದರ ಮುಂದುವರಿಕೆಯಾದ ಮೈಎಸ್‌ಕ್ಯೂಎಲ್‌ಕ್ಲೈಂಟ್‌ಗೆ ಬರಬೇಕು. ಅದರ ಈಗಿನ ವರ್ಷನ್‌ಗಳಿಗೆ ಪೈಥಾನ್ 3 ಬೇಕು. ಒಂದು ಎಳೆದರೆ ಇನ್ನೊಂದು ಬರುತ್ತದೆ.

ಹೇಗೂ ಕೈ ಹಾಕಿದ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದಲ್ವಾ? ಈ ಲೈಬ್ರರಿಯೇ ಬೇಡದ ಕನೆಕ್ಟರ್‌ಗಳಿವೆ. ಪೈಥಾನಿನಲ್ಲಿ ಪೈಮೈಎಸ್‌ಕ್ಯೂಎಲ್, ಜಾವಾದಲ್ಲಿ ಕನೆಕ್ಟರ್/ಜೆ, ಪಿಎಚ್‌ಪಿಯಲ್ಲಿ ಮೈಎಸ್‌ಕ್ಯೂಎಲ್‌ಎನ್‌ಡಿ. ಇವು ಸರ್ವರ್ ಜೊತೆ ತಾವೇ ಮಾತಾಡುತ್ತವೆ, 18, 20, 21ರ ಗೋಜೇ ಇಲ್ಲ. ಪಿಎಚ್‌ಪಿ 5.4ರಿಂದ ಮೈಎಸ್‌ಕ್ಯೂಎಲ್‌ಎನ್‌ಡಿಯೇ ಡಿಫಾಲ್ಟ್. ಹಾಗಾಗಿ ಪಿಎಚ್‌ಪಿಯವರು ಈ ತಾಪತ್ರಯದಿಂದ ಎಂದೋ ಪಾರಾಗಿದ್ದಾರೆ. 8.0ದ ಹೊಸ ಲಾಗಿನ್ ವಿಧಾನ ಬೇಕೆಂದರೆ ಪಿಎಚ್‌ಪಿ 7.4 ಅಥವಾ ಅದಕ್ಕಿಂತ ಹೊಸದು ಇರಲಿ.

ಪೈಮೈಎಸ್‌ಕ್ಯೂಎಲ್ ಪೂರ್ತಿ ಪೈಥಾನಿನಲ್ಲೇ ಬರೆದದ್ದು, ಲಕ್ಷಗಟ್ಟಲೆ ಸಾಲು ಒಟ್ಟಿಗೆ ಎಳೆದಾಗ ನಿಧಾನ ಅನ್ನಿಸುತ್ತದೆ. ಆಗುಂಬೆಯ ಹೋಂಸ್ಟೇ ಬುಕಿಂಗಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ವರ್ಷದ ಸ್ಟಾಕ್ ರಿಪೋರ್ಟ್ ತೆಗೆಯುವವರು ಮೊದಲು ಪರೀಕ್ಷೆ ಮಾಡಿ ನೋಡಲಿ.

ಖರ್ಚಿನ ಮಾತು. ಕೋಡ್ ಗೊತ್ತಿದ್ದವರಿಗೆ ಒಂದು ದಿನದ ಕೆಲಸ, ಗೊತ್ತಿಲ್ಲದವರು ಒಬ್ಬರನ್ನು ಕರೆಸಬೇಕು. ಆದರೆ ಮುಂದಿನ ಎಷ್ಟೋ ಅಪ್‌ಗ್ರೇಡ್‌ಗಳಲ್ಲಿ ಈ ತೊಂದರೆ ಮತ್ತೆ ಬರುವುದಿಲ್ಲ. ವರ್ಷಗಟ್ಟಲೆ ಓಡಬೇಕಾದ ಸಾಫ್ಟ್‌ವೇರಿಗೆ ನನ್ನ ಓಟು ಇದಕ್ಕೇ.

ಡಾಕರ್

ಹಳೇ ಪ್ರೋಗ್ರಾಂ, ಹಳೇ ಲೈಬ್ರರಿ, ಹಳೇ ಓಪನ್‌ಎಸ್‌ಎಸ್‌ಎಲ್ ಎಲ್ಲವನ್ನೂ ಹಳೇ ಓಎಸ್‌ನ ಒಂದು ಕಂಟೇನರಿನಲ್ಲಿ ಹಾಕಿ, ಡೇಟಾಬೇಸನ್ನು ಹೊರಗಿಡುವುದು. ಮೇಲಿನ ಬೇರೆ ಫೋಲ್ಡರಿನ ಉಪಾಯವೇ ಇದು, ಇನ್ನೂ ಅಚ್ಚುಕಟ್ಟಾಗಿ. ಓಎಸ್ ಎಷ್ಟು ಸಲ ಅಪ್‌ಗ್ರೇಡ್ ಆದರೂ ಒಳಗಿನದು ಅಲ್ಲಾಡುವುದಿಲ್ಲ. ಡಾಕರ್ ಬಲ್ಲ ಒಬ್ಬರು ಕೈಗೆ ಸಿಗುವಂತಿದ್ದರೆ ಒಳ್ಳೆಯದು. ಡಾಟ್‌ಮ್ಯಾಟ್ರಿಕ್ಸ್ ಪ್ರಿಂಟರ್, ತೂಕದ ಮೆಷಿನ್ನಿನ ಸೀರಿಯಲ್ ಕೇಬಲ್ ನೇರವಾಗಿ ಪ್ರೋಗ್ರಾಮಿಗೆ ಸೇರಿರುವ ಮಂಡಿಯಲ್ಲಿ ಮಾತ್ರ ಇದು ಒದ್ದಾಟ. ಒಂದೊಂದು ಪೋರ್ಟನ್ನೂ ಕಂಟೇನರಿಗೆ ತೋರಿಸಿಕೊಡಬೇಕು. ಈ ಒಂದು ತೊಂದರೆಗಾಗಿಯೇ ಹೊಸದಾಗಿ ಡಾಕರ್ ಕಲಿಯಲು ಹೊರಡಬೇಡಿ.

ಹಿಂದಕ್ಕೆ ಹೋಗುವುದು

"5.7ಕ್ಕೇ ವಾಪಸ್ ಹೋಗ್ಬಿಡ್ಲಾ?" ಅಂತ ಕೇಳುವವರಿಗೆ: 8.0 ಒಮ್ಮೆ ಡೇಟಾ ಫೋಲ್ಡರನ್ನು ಮುಟ್ಟಿದ ಮೇಲೆ 5.7 ಅದನ್ನು ಓದುವುದಿಲ್ಲ. ಅಪ್‌ಗ್ರೇಡಿಗೆ ಮೊದಲು ತೆಗೆದ ಬ್ಯಾಕಪ್ ಇದ್ದರೆ ಮಾತ್ರ ವಾಪಸ್ ದಾರಿ ಉಂಟು, ಅದರ ನಂತರ ಹೊಡೆದ ಬಿಲ್‌ಗಳನ್ನು ಕೈಯಲ್ಲಿ ಮತ್ತೆ ಹಾಕಬೇಕು. ಜೊತೆಗೆ 5.7ಕ್ಕೆ 2023ರ ಅಕ್ಟೋಬರಿನಲ್ಲೇ ಬೆಂಬಲ ನಿಂತಿದೆ. ಅಪ್‌ಗ್ರೇಡ್ ಆಗಿ ಒಂದು ಗಂಟೆಯೊಳಗೆ ಕೈ ಸುಟ್ಟುಕೊಂಡವರಿಗೆ ಇದು ಸರಿ. ವಾರ ಕಳೆದವರಿಗೆ ಅಲ್ಲ. ಕೆಟ್ಟಿರುವುದು ಕ್ಲೈಂಟ್ ಲೈಬ್ರರಿ, ಅದಕ್ಕಾಗಿ ಸರ್ವರನ್ನು ಕೆಡವುವುದು ಯಾಕೆ?

ಪೋಸ್ಟ್‌ಗ್ರೆಸ್ ಬಳಸುವವರ ಕಥೆ ಬೇರೆ

ಪೋಸ್ಟ್‌ಗ್ರೆಸ್ ಮೈಎಸ್‌ಕ್ಯೂಎಲ್ ಥರದ್ದೇ ಇನ್ನೊಂದು ಡೇಟಾಬೇಸ್. ಅಲ್ಲಿ ಕ್ಲೈಂಟ್ ಲೈಬ್ರರಿ ಲಿಬ್‌ಪಿಕ್ಯೂ. 2006ರ 8.2ರಿಂದ ಅದರ ನಂಬರ್ 5, ಇವತ್ತಿಗೂ 5. ಆ ಕಡೆ ತೊಂದರೆ ಕಡಿಮೆ. ಕಷ್ಟ ಬರುವುದು ಸರ್ವರಿನೊಳಗೆ ಸೇರಿಕೊಳ್ಳುವ ಎಕ್ಸ್‌ಟೆನ್ಶನ್‌ಗಳಲ್ಲಿ. ಪ್ರತಿ ದೊಡ್ಡ ವರ್ಷನ್ನಿಗೂ ಅವನ್ನು ಬೇರೆಯಾಗಿ ಕಂಪೈಲ್ ಮಾಡಿರಬೇಕು. 13ರದ್ದನ್ನು 16ಕ್ಕೆ ಕೊಟ್ಟರೆ "ಇನ್‌ಕಂಪ್ಯಾಟಿಬಲ್ ಲೈಬ್ರರಿ" ಅಂತ ಸರ್ವರೇ ಮುಖಕ್ಕೆ ಹೇಳಿ ನಿಲ್ಲಿಸುತ್ತದೆ. ಲಿಂಕಿನ ಆಟ ಇಲ್ಲಿ ನಡೆಯುವುದೇ ಇಲ್ಲ, ಒಳ್ಳೆಯದೇ ಆಯ್ತು.

ತೋಟದ ಸರ್ವೆ, ಕಾಡಿನ ನಕ್ಷೆ ಅಂತ ಪೋಸ್ಟ್‌ಜಿಐಎಸ್ (ನಕ್ಷೆಯ ಡೇಟಾಕ್ಕಿರುವ ಎಕ್ಸ್‌ಟೆನ್ಶನ್) ಬಳಸುವವರು ನಮ್ಮ ಕಡೆ ಇದ್ದಾರೆ. ಹೊಸ ವರ್ಷನ್ನಿಗೆ ಏರಿಸುವ ಪಿಜಿ_ಅಪ್‌ಗ್ರೇಡ್ ಟೂಲನ್ನು ಮೊದಲು ಚೆಕ್ ಆಯ್ಕೆ ಕೊಟ್ಟು ಓಡಿಸಿ. ಸಿಗದ ಲೈಬ್ರರಿಗಳ ಹೆಸರನ್ನು ಲೋಡಬಲ್_ಲೈಬ್ರರೀಸ್ ಅನ್ನುವ ಟೆಕ್ಸ್ಟ್ ಫೈಲಿನಲ್ಲಿ ಬರೆದುಕೊಡುತ್ತದೆ. ಹೊಸ ಪೋಸ್ಟ್‌ಗ್ರೆಸ್‌ಗೆ ಪೋಸ್ಟ್‌ಜಿಐಎಸ್ ಪ್ಯಾಕೇಜ್ ಹಾಕಿ, ಆಮೇಲೆ ಮುಂದುವರಿಯಿರಿ. ಪೋಸ್ಟ್‌ಜಿಐಎಸ್ 3ರಿಂದ ಫೈಲಿನ ಹೆಸರಿನಲ್ಲಿ ಬರೀ 3 ಇರುತ್ತದೆ. 2.5ರ ಕಾಲದವರಿಗೆ ಹೆಸರಿನಲ್ಲೇ 2.5 ಇರುವುದರಿಂದ, ಹಳೇ ಪೋಸ್ಟ್‌ಗ್ರೆಸ್‌ನಲ್ಲಿ ಇರುವಾಗಲೇ ಪೋಸ್ಟ್‌ಜಿಐಎಸ್ 3ಕ್ಕೆ ಏರಿ ಆಮೇಲೆ ಹೊರಡುವುದು ಸುಲಭ. ಪಿಜಿ_ಅಪ್‌ಗ್ರೇಡ್‌ಗೆ ಲಿಂಕ್ ಆಯ್ಕೆ (ಕಾಪಿ ಮಾಡದೆ ಹಳೇ ಡೇಟಾ ಫೈಲುಗಳನ್ನೇ ಬಳಸುವುದು) ಕೊಟ್ಟು ಹೊಸ ಸರ್ವರ್ ಒಮ್ಮೆ ಶುರು ಮಾಡಿದರೆ ಹಳೆಯದಕ್ಕೆ ವಾಪಸ್ ಹೋಗಲಾಗದು. ಡಿಸ್ಕಿನಲ್ಲಿ ಜಾಗ ಇದ್ದರೆ ಕಾಪಿಯೇ ಇರಲಿ.

ಸದ್ದಿಲ್ಲದ ಒಂದು ತೊಂದರೆಯೂ ಇದೆ. ಓಎಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.28ರಲ್ಲಿ ಅಕ್ಷರಗಳನ್ನು ಸಾಲಾಗಿ ಜೋಡಿಸುವ ಕ್ರಮ ಬದಲಾಯಿತು. ಡೆಬಿಯನ್ 9ರಿಂದ 10ಕ್ಕೆ, ರೆಡ್‌ಹ್ಯಾಟ್ 7ರಿಂದ 8ಕ್ಕೆ ಹೋದವರು ಇದನ್ನು ದಾಟುತ್ತಾರೆ. ಡೇಟಾಬೇಸಿನ ಹಳೇ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಪಟ್ಟಿ) ಹಳೇ ಕ್ರಮದಲ್ಲೇ ಇರುತ್ತದೆ. ಎರರ್ ಬರುವುದಿಲ್ಲ. ಖಾತೆಯಲ್ಲಿರುವ ರೈತರ ಹೆಸರು ಹುಡುಕಿದರೆ ಸಿಗುವುದಿಲ್ಲ, ಕೌಂಟರಿನವರು ಹೊಸ ಖಾತೆ ತೆರೆಯುತ್ತಾರೆ, ಒಬ್ಬರಿಗೇ ಎರಡು ಖಾತೆ ಆಗುತ್ತದೆ. ಓಎಸ್ ಬದಲಾದ ದಿನವೇ ಟೆಕ್ಸ್ಟ್ ಇಂಡೆಕ್ಸ್‌ಗಳಿಗೆ ರೀಇಂಡೆಕ್ಸ್ ಹೊಡೆಯುವುದೊಂದೇ ದಾರಿ, ಇದಕ್ಕೆ ಬೇರೆ ಆಯ್ಕೆ ಇಲ್ಲ.

ಹಾಗಾದರೆ ನಿಮಗೆ ಯಾವುದು

ಮಂಡಿ, ಮೆಡಿಕಲ್ ಶಾಪ್, ಕೋಡ್ ಇಲ್ಲದ ಬಿಲ್ಲಿಂಗ್: ಹೊಂದಾಣಿಕೆ ಪ್ಯಾಕೇಜ್ ಸಿಕ್ಕರೆ ಕಣ್ಣು ಮುಚ್ಚಿ ಅದು. ಸಿಗದಿದ್ದರೆ ಬೇರೆ ಫೋಲ್ಡರ್. ಯಾವುದನ್ನೇ ಮಾಡಿದರೂ ಬೆಲೆ, ತೂಕ, ಕಮಿಷನ್, ಹಮಾಲಿ ಎಲ್ಲ ಇರುವ ಒಂದು ಹಳೇ ಬಿಲ್ಲನ್ನು ಮತ್ತೆ ಹಾಕಿ ಪೈಸೆಗೆ ಪೈಸೆ ಹೊಂದುತ್ತದಾ ನೋಡಿ, ಆಮೇಲೆ ಕೌಂಟರ್ ತೆರೆಯಿರಿ.

ಕೋಹಾ (ಪುಸ್ತಕಗಳ ಲೆಕ್ಕ ಇಡುವ ಸಾಫ್ಟ್‌ವೇರ್) ಓಡಿಸುವ ಕಾಲೇಜು ಲೈಬ್ರರಿಗಳು: ಡೇಟಾಬೇಸ್, ಪರ್ಲ್ ಕನೆಕ್ಟರ್ ಎಲ್ಲವನ್ನೂ ಡೆಬಿಯನ್ ಅಥವಾ ಉಬುಂಟುವಿನ ರೆಪೊಸಿಟರಿಯಿಂದಲೇ ಹಾಕಿಕೊಂಡಿದ್ದರೆ ಎಲ್ಲ ಒಟ್ಟಿಗೆ ಏರುತ್ತವೆ, ಈ ತೊಂದರೆ ಬರುವುದೇ ಅಪರೂಪ. ಡೇಟಾಬೇಸನ್ನು ಮಾತ್ರ ಬೇರೆ ಕಡೆಯಿಂದ ತಂದು ಹಾಕಿದವರಿಗೇ ಇದು ಕಾಡುವುದು. ಹೊರಗಿನ ರೆಪೊಸಿಟರಿ ತೆಗೆದು ಓಎಸ್‌ನದ್ದಕ್ಕೆ ಮರಳಿ. ಬ್ಯಾಕಪ್ ತೆಗೆದು, ಡಂಪ್ (ಡೇಟಾವನ್ನೆಲ್ಲ ಒಂದು ಟೆಕ್ಸ್ಟ್ ಫೈಲಿಗೆ ಇಳಿಸಿದ್ದು) ಮೂಲಕವೇ ಮರಳಿ.

ಸ್ವಂತ ಕೋಡ್ ಇರುವ ಹುಡುಗ ಹುಡುಗಿಯರು ಕನೆಕ್ಟರ್ ಬದಲಿಸಿಬಿಡಿ. ತಲೆ ಕೆಡಿಸಿಕೊಳ್ಳುವಷ್ಟು ದೊಡ್ಡ ಕೆಲಸವಲ್ಲ.

ಸಾಫ್ಟ್‌ವೇರನ್ನು ಎಎಂಸಿ ಮೇಲೆ ಕೊಂಡವರು ಈ ಸಲ ರಿನ್ಯೂ ಮಾಡುವಾಗ ದುಡ್ಡು ಕೊಡುವ ಮೊದಲು ಒಂದು ಮಾತು ಕೇಳಿ: "ನಿಮ್ಮ ಪ್ರೋಗ್ರಾಮಿಗೆ ಯಾವ ನಂಬರಿನ ಕ್ಲೈಂಟ್ ಲೈಬ್ರರಿ ಬೇಕು?" ಉತ್ತರವನ್ನು ಈಮೇಲಿನಲ್ಲೇ ತರಿಸಿಕೊಳ್ಳಿ. ಮೈಎಸ್‌ಕ್ಯೂಎಲ್ 8.0ಕ್ಕೆ ಬೆಂಬಲದ ಗಡುವು 2026ರ ಏಪ್ರಿಲ್, ಅಲ್ಲಿಂದ ಮುಂದಿನ ಮೆಟ್ಟಿಲು 8.4. ಉತ್ತರ 24 ಅಂತ ಬಂದರೆ ನಿಶ್ಚಿಂತೆಯಿಂದ ಏರಿ. 18 ಅಂತ ಬಂದರೆ ಹೊಸ ಬಿಲ್ಡ್ ಯಾವಾಗ ಕೊಡುತ್ತಾರೆ ಅಂತ ತಾರೀಖು ಕೇಳಿ, ಅದು ಸುಗ್ಗಿ ಶುರುವಾಗುವ ಮೊದಲೇ ಇರಲಿ.